ಮೂರನೇ ಸೆಮಿಸ್ಟರಿನ ನಾಟಿ

ಅಕ್ಕನ ಮಗ ಭಾನುವಾರ ಬೆಳಗಿನ ಬಸ್ಸಿಗೆ ಬಂದಿಳಿದ. ತಿಂಡಿ ಮುಗಿಯುವವರೆಗೂ ಸುಮ್ಮನಿದ್ದವನು ಕಾಫಿ ಲೋಟ ಕೆಳಗಿಟ್ಟು ಜೇಬಿನಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದ. ನಡುವೆ ಸ್ಕೇಲಿಟ್ಟು ಗೆರೆ ಎಳೆದಿದ್ದ. ಎಡಕ್ಕೆ ‘ಹೋಗಬೇಕು’, ಬಲಕ್ಕೆ ‘ಇರಬೇಕು’. ಎಡಗಡೆ ಹನ್ನೊಂದು ಸಾಲು, ಬಲಗಡೆ ಮೂರು.

“ಲೆಕ್ಕ ನೋಡಿದ್ರೆ ಹೋಗ್ಬೇಕು ಅಂತ್ಲೇ ಬರುತ್ತೆ ಮಾಮ. ಆದ್ರೂ ನಿಮ್ಮನ್ನ ಒಂದ್ಸಲ ಕೇಳ್ಕೊಂಡು ಬಾ ಅಂತು ಅಮ್ಮ.”

ಊರಿಗೆ ಹತ್ತಿರದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾನೆ. ಮೊದಲ ವರ್ಷ ಮುಗಿದಿದೆ, ಸಿಜಿಪಿಎ 8.6. ಮೂರನೇ ಸೆಮಿಸ್ಟರಿಗೆ ಬೆಂಗಳೂರಿನ ‘ಹೆಸರಿರೋ’ ಕಾಲೇಜಿಗೆ ಹೋಗಬೇಕೆಂಬುದು ಅವನ ಆಸೆ. ಹಾಳೆ ಓದಿದೆ. ‘ಬ್ರ್ಯಾಂಡ್’, ‘ರೆಸ್ಯೂಮೆಗೆ ತೂಕ’, ‘ಟಾಪ್ ಟೆನ್’, ‘ಕಾಲೇಜ್ ಹೆಸರು ಹೇಳಿದರೆ ಎಲ್ಲರಿಗೂ ಗೊತ್ತಾಗುತ್ತೆ’… ಹನ್ನೊಂದರಲ್ಲಿ ಏಳು ಸಾಲು ಒಂದೇ ಮಾತು ಹಾಕಿಕೊಂಡ ಏಳು ವೇಷ. ಬಲಗಡೆಯ ಮೂರು ಮಾತ್ರ ಬೇರೆ ಬೇರೆ: ‘ಖರ್ಚು’, ‘ಮನೆ ಊಟ’, ‘ಎಚ್‌ಒಡಿ ಸರ್ ಪ್ರಾಜೆಕ್ಟಿಗೆ ಸೇರಿಸಿಕೊಂಡಿದ್ದಾರೆ’. ಸಾಲು ಎಣಿಸಿದರೆ ಅವನು ಹೇಳಿದ್ದು ಸರಿ. ತೂಗಿ ನೋಡಿದರೆ ಹಾಗಿರಲಿಲ್ಲ.

ಇಂಥ ಪ್ರಶ್ನೆ ಈಗ ಮನೆಮನೆಯಲ್ಲೂ ಇದೆ. ಅಮೆರಿಕದಲ್ಲಿ ಕಾಲೇಜು ಬದಲಿಸುವುದು ಮಾಮೂಲು ಸಂಗತಿ. ಬರಾಕ್ ಒಬಾಮ ಲಾಸ್ ಏಂಜಲೀಸಿನ ಆಕ್ಸಿಡೆಂಟಲ್ ಕಾಲೇಜಿನಲ್ಲಿ ಎರಡು ವರ್ಷ ಓದಿ, 1981ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದವರು. ನಮ್ಮಲ್ಲಿ ಹಾಗಲ್ಲ. ಪಿಯುಸಿ ಮುಗಿದ ಬೇಸಗೆಯಲ್ಲಿ ಬಂದ ಸಿಇಟಿ ರ‍್ಯಾಂಕು ಮುಂದಿನ ನಾಲ್ಕು ವರ್ಷದ ವಿಳಾಸವನ್ನು ಬರೆದುಬಿಡುತ್ತದೆ. ಸೀಟು ಹಂಚುವಾಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಾಲ್ಕು ಆಯ್ಕೆ ಕೊಡುತ್ತದೆ. ಸಿಕ್ಕಿದ್ದು ಸಾಕು ಎಂದರೆ ಚಾಯ್ಸ್ ಒಂದು. ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಇನ್ನೂ ಒಳ್ಳೆಯದು ಸಿಗುವುದೋ ನೋಡೋಣ ಎಂದರೆ ಎರಡು. ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ ಎಂದರೆ ಮೂರು. ಸಹವಾಸವೇ ಬೇಡ ಎಂದರೆ ನಾಲ್ಕು. ಕಾಲೇಜು ಬದಲಿಸಲು ಅತಿ ಅಗ್ಗದ, ಅತಿ ಸುಲಭದ ಕಾಲ ಆ ‘ಚಾಯ್ಸ್ ಎರಡು’. ಅದು ದಾಟಿದ ಮೇಲೆ ಉಳಿಯುವುದು ಮೂರನೇ ಸೆಮಿಸ್ಟರಿನ ಹೊಸ್ತಿಲು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗಲು ಅವಕಾಶವೇನೋ ಇದೆ, ಆದರೆ ಅದು ಹಕ್ಕಲ್ಲ. ಹೋಗಬೇಕಾದ ಕಾಲೇಜಿನ ಅದೇ ಬ್ರಾಂಚಿನಲ್ಲಿ ಸೀಟು ಖಾಲಿ ಇರಬೇಕು. ಬಿಡುವ ಕಾಲೇಜು, ಸೇರುವ ಕಾಲೇಜು ಎರಡರಿಂದಲೂ ಎನ್‌ಒಸಿ ಬೇಕು. ಅಧಿಸೂಚನೆ ಬಂದಾಗ ಹೇಳಿದ ದಿನಾಂಕದೊಳಗೆ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಹೆಸರಿರುವ ಕಾಲೇಜಿನ ಬೇಡಿಕೆಯ ಬ್ರಾಂಚಿನಲ್ಲಿ ಸೀಟು ಖಾಲಿ ಬೀಳುವುದೇ ಅಪರೂಪ ಎಂಬುದನ್ನು ಮೊದಲು ಮನಸ್ಸಿಗೆ ಹಾಕಿಕೊಳ್ಳಬೇಕು. ಹೋಗಬೇಕೆಂದಿರುವುದು ಸ್ವಾಯತ್ತ ಕಾಲೇಜಾದರೆ ಅದರ ಪಠ್ಯಕ್ರಮವೇ ಬೇರೆ. ಇಲ್ಲಿ ಓದಿದ ವಿಷಯ ಅಲ್ಲಿಗೆ ಹೊಂದದಿದ್ದರೆ, ಬಿಟ್ಟುಹೋದದ್ದನ್ನು ಹೊಸ ಪಾಠದ ಜೊತೆಗೇ ಓದಿ ಬರೆಯಬೇಕಾದೀತು. 2021ರಲ್ಲಿ ಯುಜಿಸಿ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ವ್ಯವಸ್ಥೆಯಲ್ಲಿ ಗಳಿಸಿದ ಕ್ರೆಡಿಟ್ಟನ್ನು ಏಳು ವರ್ಷದವರೆಗೆ ಖಾತೆಯಲ್ಲಿಟ್ಟುಕೊಳ್ಳಬಹುದು. ಖಾತೆಯಲ್ಲಿ ಕ್ರೆಡಿಟ್ ಇದೆಯೆಂದ ಮಾತ್ರಕ್ಕೆ ಬೇಕೆಂದ ಕಾಲೇಜು ಕರೆದು ಸೀಟು ಕೊಡುವುದಿಲ್ಲ.

ಇನ್ನು ಹೆಸರಿನ ಮಾತು. ಹೆಸರಿಗೆ ಬೆಲೆಯೇ ಇಲ್ಲ ಎಂದು ಉಪದೇಶ ಮಾಡುವುದು ಸುಲಭ. ಅದು ಸುಳ್ಳು. ವಿಟಿಯು ವಿದ್ಯಾರ್ಥಿಯ ನೋಂದಣಿ ಸಂಖ್ಯೆಯಾದ ಯುಎಸ್‌ಎನ್ ಹತ್ತು ಅಕ್ಷರದ್ದು. ಮೊದಲನೆಯದು ವಲಯ: 1 ಎಂದರೆ ಬೆಂಗಳೂರು, 2 ಬೆಳಗಾವಿ, 3 ಕಲಬುರಗಿ, 4 ಮೈಸೂರು. ಮುಂದಿನ ಎರಡು ಅಕ್ಷರ ಕಾಲೇಜಿನದು. ಆಮೇಲೆ ಸೇರಿದ ವರ್ಷ, ಬ್ರಾಂಚು, ಕೊನೆಗೆ ಕ್ರಮಸಂಖ್ಯೆ. ಹುಡುಗರು ಹೊಸಬರ ಯುಎಸ್‌ಎನ್ ಕೇಳಿದೊಡನೆ ಆ ಎರಡು ಅಕ್ಷರದ ಮೇಲೆ ಕಣ್ಣು ಹಾಯಿಸುತ್ತಾರೆ. ಕ್ಯಾಂಪಸ್ಸಿಗೆ ಬರುವ ಕಂಪನಿಗಳೂ ಹಾಗೇ. ಯಾವ ಹುಡುಗ ಬೇಕೆಂದು ನೋಡುವ ಮೊದಲು ಯಾವ ಗೇಟಿನೊಳಗೆ ಕಾರು ನಿಲ್ಲಿಸಬೇಕೆಂದು ತೀರ್ಮಾನಿಸಿರುತ್ತವೆ. ಒಳ್ಳೆಯ ಕಂಪನಿ ಬಾರದ ಕಾಲೇಜಿನ ಜಾಣ ಹುಡುಗಿ ಅದೇ ಕೆಲಸಕ್ಕೆ ನಾಲ್ಕು ಪಟ್ಟು ಅಲೆಯಬೇಕು. ಇದು ಅನ್ಯಾಯ, ಆದರೆ ನಿಜ.

ಹಾಗಾದರೆ ಹೆಸರನ್ನು ಅಳೆಯುವುದು ಹೇಗೆ? ಹೆದ್ದಾರಿ ಬದಿಯ ಫ್ಲೆಕ್ಸಿನಲ್ಲಿ ‘ಗರಿಷ್ಠ ಪ್ಯಾಕೇಜ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದಲ್ಲ, ಅದು ಒಬ್ಬರಿಗೆ ಸಿಕ್ಕಿದ್ದು. ನಿಮಗೆ ಬೇಕಾದದ್ದು ಸಾಲಿನಲ್ಲಿ ನಟ್ಟನಡುವೆ ನಿಂತವನಿಗೆ ಸಿಕ್ಕಿದ್ದು, ಅಂದರೆ ಮಧ್ಯಕ ಸಂಬಳ. ಕೇಂದ್ರ ಸರ್ಕಾರ 2016ರಿಂದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಪ್ರಕಟಿಸುತ್ತಿದೆ. ಅದರಲ್ಲಿ ಭಾಗವಹಿಸುವ ಕಾಲೇಜುಗಳು ತಾವು ಸಲ್ಲಿಸಿದ ಅಂಕಿಅಂಶವನ್ನು ತಮ್ಮ ಜಾಲತಾಣದಲ್ಲೂ ಹಾಕುತ್ತವೆ. ಮೊದಲ ವರ್ಷಕ್ಕೆ ಸೇರಿದವರೆಷ್ಟು, ಸಮಯಕ್ಕೆ ಸರಿಯಾಗಿ ಪಾಸಾದವರೆಷ್ಟು, ಕೆಲಸ ಸಿಕ್ಕಿದವರೆಷ್ಟು, ಅವರ ಮಧ್ಯಕ ಸಂಬಳ ಎಷ್ಟು, ಮುಂದೆ ಓದಲು ಹೋದವರೆಷ್ಟು ಎಲ್ಲವೂ ಅಲ್ಲಿರುತ್ತದೆ. ಉದಾಹರಣೆಗೆ 400 ಜನ ಸೇರಿ, 300 ಜನ ಸಮಯಕ್ಕೆ ಪಾಸಾಗಿ, ಪ್ಲೇಸ್‌ಮೆಂಟಿಗೆ ನೋಂದಾಯಿಸಿದ 200 ಜನರಲ್ಲಿ 180 ಜನಕ್ಕೆ ಕೆಲಸ ಸಿಕ್ಕಿತೆನ್ನಿ. ಫ್ಲೆಕ್ಸಿನಲ್ಲಿ ‘ಶೇ. 90’ ಎಂದು ಬರುತ್ತದೆ. ಸೇರಿದವರ ಲೆಕ್ಕದಲ್ಲಿ ಅದು ಶೇ. 45. ಎರಡೂ ಸುಳ್ಳಲ್ಲ, ಭಾಗಿಸಿದ ಸಂಖ್ಯೆ ಬೇರೆ, ಅಷ್ಟೇ.

ಇನ್ನೊಂದು ವ್ಯತ್ಯಾಸ ಬಹಳ ಜನಕ್ಕೆ ಹೊಳೆಯುವುದಿಲ್ಲ. ಹೆಸರು ಕಾಲೇಜಿನದು, ಓದುವುದು ವಿಭಾಗದಲ್ಲಿ. ಬೆಂಗಳೂರಿನಲ್ಲೇ ಕೇಂದ್ರ ಕಚೇರಿಯಿರುವ ನ್ಯಾಕ್ ಮೌಲ್ಯಮಾಪನ ಮಾಡುವುದು ಇಡೀ ಸಂಸ್ಥೆಯನ್ನು. ಎನ್‌ಬಿಎ ಮಾನ್ಯತೆ ಕೊಡುವುದು ಒಂದೊಂದು ಕೋರ್ಸಿಗೆ. ನ್ಯಾಕಿನಿಂದ ಎ ಪ್ಲಸ್ ಪ್ಲಸ್ ಶ್ರೇಣಿ ಪಡೆದ ಕಾಲೇಜಿನಲ್ಲಿ ನಿಮ್ಮ ಬ್ರಾಂಚಿಗೆ ಎನ್‌ಬಿಎ ಇಲ್ಲದಿರಬಹುದು. ಹಾಸನ, ಕಲಬುರಗಿ, ಹುಬ್ಬಳ್ಳಿಯ ಹಳೆಯ ಕಾಲೇಜುಗಳ ಕೆಲವು ವಿಭಾಗಗಳು ರಾಜಧಾನಿಯ ಹೊಳೆಯುವ ಗಾಜಿನ ಕಟ್ಟಡಗಳಿಗಿಂತ ಗಟ್ಟಿಯಾಗಿರಬಹುದು. ವಿಚಾರಿಸಬೇಕಾದದ್ದು ಗೇಟಿನ ಮೇಲಿನ ಹೆಸರನ್ನಲ್ಲ, ಎರಡನೇ ಮಹಡಿಯ ಲ್ಯಾಬನ್ನು.

ಲ್ಯಾಬಿನ ಮಾತು ಬಂದದ್ದಕ್ಕೆ ನನ್ನದೇ ಕತೆ ಹೇಳಿಬಿಡುತ್ತೇನೆ. ಮೂವತ್ತು ವರ್ಷಕ್ಕೂ ಹಿಂದಿನ ಮಾತು. ನಾನೂ ಬಿ.ಎಸ್ಸಿ ಎರಡನೇ ವರ್ಷಕ್ಕೆ ತಾಲ್ಲೂಕು ಕೇಂದ್ರದ ಕಾಲೇಜು ಬಿಟ್ಟು ಹೆಸರಾಂತ ಕಾಲೇಜೊಂದಕ್ಕೆ ಹೋದವನು. ಹಳೆಯ ಕಾಲೇಜಿನ ಕಚೇರಿಯಲ್ಲಿ ಟಿಸಿಗಾಗಿ ಹನ್ನೊಂದು ದಿನ ಬಾಗಿಲು ಕಾದೆ. ‘ಸಾಹೇಬರ ಸಹಿ ಆಗಿಲ್ಲ’ ಎಂಬ ಒಂದೇ ಮಂತ್ರ. ಅಂತೂ ಹೋದೆ. ಬಿಟ್ಟುಬಂದ ಕಾಲೇಜಿನಲ್ಲಿ ಇದ್ದದ್ದು ಒಂದೇ ಸ್ಪೆಕ್ಟ್ರೋಮೀಟರು, ಅದರ ವರ್ನಿಯರಿನ ಗೆರೆ ಸವೆದಿತ್ತು. ಆದರೆ ಭೌತಶಾಸ್ತ್ರದ ಮೇಷ್ಟ್ರು ಸಂಜೆ ಮನೆಗೆ ಹೋಗುವಾಗ ಡಾರ್ಕ್‌ರೂಮಿನ ಬೀಗದ ಕೈಯನ್ನು ನನ್ನ ಕೈಗೆ ಕೊಡುತ್ತಿದ್ದರು. ಸೋಡಿಯಂ ದೀಪದ ಹಳದಿ ಗೆರೆ ಪ್ರಿಸಮ್ಮು ತಿರುಗಿಸಿದಂತೆ ಒಂದು ಕಡೆಗೆ ಸರಿದು, ಒಂದು ಕ್ಷಣ ನಿಂತು, ಮತ್ತೆ ಬಂದ ದಾರಿಯಲ್ಲೇ ಹಿಂದಿರುಗುವುದನ್ನು ಎಷ್ಟು ಸಂಜೆ ನೋಡಿದ್ದೆನೋ. ಹೊಸ ಕಾಲೇಜಿನಲ್ಲಿ ಆರು ಸ್ಪೆಕ್ಟ್ರೋಮೀಟರು ಫಳಫಳ ಹೊಳೆಯುತ್ತಿದ್ದವು. ಒಂದೊಂದಕ್ಕೆ ನಾಲ್ಕು ಜನ. ಒಬ್ಬ ನೋಡುವುದು, ಒಬ್ಬ ಓದಿ ಹೇಳುವುದು, ಒಬ್ಬ ಬರೆಯುವುದು, ಇನ್ನೊಬ್ಬ ಹರಟೆ. ಅಕ್ಷರ ಚೆನ್ನಾಗಿದ್ದ ತಪ್ಪಿಗೆ ವರ್ಷವಿಡೀ ನಾನು ಬರೆದೆ.

ಹಾಗಂತ ನಷ್ಟವೇ ಆಯಿತೆಂದರೆ ಅದೂ ಸುಳ್ಳು. ಆ ಕಾಲೇಜಿನ ಲೈಬ್ರರಿಯಂಥದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹಾಸ್ಟೆಲಿನ ಪಕ್ಕದ ಕೋಣೆಯವನು ಯಾವ ಪರೀಕ್ಷೆ ಬರೆಯುತ್ತಾನೆ, ಅರ್ಜಿ ಎಲ್ಲಿ ಸಿಗುತ್ತದೆ, ಹಳೆಯ ಪ್ರಶ್ನೆಪತ್ರಿಕೆ ಯಾರ ಹತ್ತಿರ ಇದೆ ಎಂಬುದೆಲ್ಲ ಗೊತ್ತಾದದ್ದು ಅಲ್ಲೇ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಡಿಗ್ರಿ ಓದಿರಲಿಲ್ಲ. ನನಗೆ ಆ ಸಹವಾಸವೇ ಆಸ್ತಿಯಾಯಿತು. ಬೀಗದ ಕೈ ಕಳೆದುಕೊಂಡು ಪಕ್ಕದ ಕೋಣೆಯ ಗೆಳೆಯನನ್ನು ಪಡೆದೆ. ನನ್ನ ಮಟ್ಟಿಗೆ ವ್ಯಾಪಾರ ಸರಿಹೋಯಿತು. ಅಪ್ಪ ಲೆಕ್ಚರರ್ ಆಗಿದ್ದ ನನ್ನ ಬೆಂಚಿನ ಗೆಳೆಯನಿಗೆ ಮನೆಯಲ್ಲೇ ಇದೆಲ್ಲ ಇತ್ತು. ಅವನಿಗೆ ಆ ಕಾಲೇಜು ಹೊಸದಾಗಿ ಕೊಟ್ಟದ್ದು ಏನೂ ಇರಲಿಲ್ಲ.

ಮನೆಯಲ್ಲಿ ಇದೆಲ್ಲ ಇಲ್ಲದವರಿಗೇ ಹೆಸರಿನ ಕಾಲೇಜು ಹೆಚ್ಚು ಕೊಡುತ್ತದೆಂಬ ನನ್ನ ಊಹೆಗೆ ಎಷ್ಟೋ ವರ್ಷದ ನಂತರ ಆಧಾರ ಸಿಕ್ಕಿತು. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ದೊಡ್ಡ ಕಾಲೇಜಿನಲ್ಲಿ ಓದಿದವರಿಗೆ ದೊಡ್ಡ ಸಂಬಳ ಬರುವುದು ಎಲ್ಲರಿಗೂ ಗೊತ್ತು. ಆದರೆ ಅದು ಕಾಲೇಜಿನ ಗುಣವೋ, ಮೊದಲೇ ಜಾಣರಾಗಿದ್ದವರು ಅಲ್ಲಿಗೆ ಹೋದದ್ದರ ಫಲವೋ? ಇದನ್ನು ಬಿಡಿಸಲು ಅವರೊಂದು ಉಪಾಯ ಮಾಡಿದರು. 1976ರಲ್ಲಿ ಕಾಲೇಜು ಸೇರಿದ ಅಮೆರಿಕದ ವಿದ್ಯಾರ್ಥಿಗಳಲ್ಲಿ, ಒಂದೇ ಮಟ್ಟದ ಕಾಲೇಜುಗಳಿಂದ ಪ್ರವೇಶ ಸಿಕ್ಕಿದ್ದವರನ್ನು ಜೋಡಿ ಮಾಡಿದರು. ಕೆಲವರು ಹೆಸರಿನ ಕಾಲೇಜಿಗೆ ಹೋಗಿದ್ದರು, ಕೆಲವರು ಸಿಕ್ಕರೂ ಹೋಗದೆ ಸಾಧಾರಣ ಕಾಲೇಜು ಸೇರಿದ್ದರು. 1995ರ ಹೊತ್ತಿಗೆ ಇಬ್ಬರ ಸಂಪಾದನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಒಂದು ಗುಂಪಿಗೆ ಮಾತ್ರ ಈ ಮಾತು ಅನ್ವಯಿಸಲಿಲ್ಲ. ಬಡ ಕುಟುಂಬದಿಂದ ಬಂದವರಿಗೆ ದೊಡ್ಡ ಕಾಲೇಜಿನಿಂದ ನಿಜವಾಗಿಯೂ ಲಾಭವಾಗಿತ್ತು.

ಅಮೆರಿಕದ ಲೆಕ್ಕವನ್ನು ಎತ್ತಿ ತಂದು ಹೊಳೆನರಸೀಪುರಕ್ಕೋ ಸಿಂಧನೂರಿಗೋ ಹಾಗೇ ಅಂಟಿಸಲಾಗದು. ಆದರೂ ಅದರ ಹಿಂದಿನ ತರ್ಕ ನಮ್ಮೂರಿಗೂ ಹೊಂದುತ್ತದೆ. ಚಿಕ್ಕಪ್ಪ ಸಾಫ್ಟ್‌ವೇರಿನಲ್ಲಿ, ಅತ್ತೆ ಬ್ಯಾಂಕಿನಲ್ಲಿ ಇರುವ ಹುಡುಗನಿಗೆ ಕೆಲಸದ ಸುದ್ದಿ ಮನೆಯ ಜಗಲಿಗೇ ಬರುತ್ತದೆ. ಯಾರೂ ಇಲ್ಲದವರಿಗೆ ಕಾಲೇಜೇ ಚಿಕ್ಕಪ್ಪ, ಕಾಲೇಜೇ ಅತ್ತೆ.

“ನಿಮ್ಮ ಕ್ಲಾಸಿಗೆ ಫಸ್ಟ್ ಯಾರೋ?” ಎಂದು ಕೇಳಿದೆ.

“ಒಬ್ಬಳು ಹುಡುಗಿ ಮಾಮ. 9.4. ಅವಳಪ್ಪ ಎಪಿಎಂಸಿ ಯಾರ್ಡಲ್ಲಿ ಹಮಾಲಿ.”

“ಅವಳೂ ಕಾಲೇಜ್ ಬದಲಾಯಿಸ್ತಾಳಾ?”

ಸ್ವಲ್ಪ ಹೊತ್ತು ಸುಮ್ಮನಿದ್ದ. “ಹೀಗೆ ಬದಲಾಯಿಸ್ಬಹುದು ಅನ್ನೋದೇ ಅವಳಿಗೆ ಗೊತ್ತಿಲ್ಲ ಅನ್ಸುತ್ತೆ.”

ನಾನು ಹೇಳಬೇಕೆಂದಿರುವುದೆಲ್ಲ ಆ ಒಂದು ಮಾತಿನಲ್ಲಿತ್ತು. ಹೆಸರಿನ ಕಾಲೇಜಿಗಾಗಿ ಹಾಳೆಯ ಮೇಲೆ ಗೆರೆ ಎಳೆದು ಕೂರುವವರಿಗೆ ಅದರ ಅಗತ್ಯ ಅಷ್ಟಿಲ್ಲ. ಅಗತ್ಯ ಇರುವವರು ಪ್ರಶ್ನೆಯನ್ನೇ ಕೇಳುವುದಿಲ್ಲ.

ಮತ್ತೆ ಹಾಳೆಗೆ ಬಂದೆವು. ‘ಖರ್ಚು’ ಎಂದು ಒಂದೇ ಪದ ಬರೆದು ಬಿಟ್ಟಿದ್ದನಲ್ಲ, ಅದನ್ನು ಬಿಡಿಸಿದೆವು. ಪಿಜಿಗೆ ತಿಂಗಳಿಗೆ 9,000 ಎಂದು ಅವನೇ ವಿಚಾರಿಸಿದ್ದ. ಮೂರು ವರ್ಷಕ್ಕೆ 3,24,000. ಇದು ಬರೀ ಊಟ, ಹಾಸಿಗೆ. ಸಿಇಟಿ ಸೀಟಿನ ಶುಲ್ಕವೇ ಅಲ್ಲೂ ಮುಂದುವರಿಯುತ್ತದೋ, ಖಾಲಿ ಸೀಟೆಂದು ಬೇರೆ ದರ ಹೇಳುತ್ತಾರೋ? ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ ಏನಾಗುತ್ತದೆ? ಈ ಎರಡು ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು, ಬರೆಸಿಕೊಳ್ಳಬೇಕು. ಮೂಲ ಅಂಕಪಟ್ಟಿಗಳನ್ನು ಕಾಲೇಜು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರ ಅಧಿಸೂಚನೆಯಲ್ಲೇ ಹೇಳಿದೆ. ಅದೇ ಅಧಿಸೂಚನೆಯ ಪ್ರಕಾರ, ಸೇರಿದವರು ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಸೀಟು ಬಿಟ್ಟರೆ ಶುಲ್ಕ ಬಹುತೇಕ ಪೂರ್ತಿ ವಾಪಸ್ಸು. ಕೊನೆಯ ದಿನ ಕಳೆದು 30 ದಿನ ಮೀರಿದರೆ ಬಿಡಿಗಾಸೂ ಇಲ್ಲ. ತಡಮಾಡಿದಷ್ಟೂ ಕೈ ಸುಡುತ್ತದೆ.

ತಡಮಾಡುವ ಮಾತಿಗೆ ಅಕ್ಕ ಫೋನಿನಲ್ಲಿ ಒಂದು ಮಾತು ಸೇರಿಸಿದಳು. “ಒಟ್ಲಲ್ಲಿರೋ ಪೈರು ಕಿತ್ತು ನಾಟಿ ಹಾಕೋಕೂ ಒಂದು ವಯಸ್ಸು ಅಂತ ಇರುತ್ತಲ್ಲೋ. ಬಲಿತ ಮೇಲೆ ಕಿತ್ತರೆ ತೆಂಡೆ ಒಡೆಯೋದೇ ಇಲ್ಲ.” ಗದ್ದೆಯ ಈ ಲೆಕ್ಕ ಸೆಮಿಸ್ಟರಿಗೂ ಸರಿ. ಕ್ಯಾಂಪಸ್ ಸಂದರ್ಶನ ಸಾಮಾನ್ಯವಾಗಿ ಏಳನೇ ಸೆಮಿಸ್ಟರಿಗೆ ಶುರು. ಮೂರನೆಯದಕ್ಕೆ ಹೋದರೆ ಬೇರು ಬಿಡಲು ಎರಡು ವರ್ಷ ಸಿಗುತ್ತದೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಮೂಲಕ ಬರುವವರೂ ಆಗಲೇ ಸೇರುವುದರಿಂದ ಕ್ಲಾಸಿನಲ್ಲಿ ಹೊಸಬ ನೀವೊಬ್ಬರೇ ಆಗಿರುವುದಿಲ್ಲ. ಆಮೇಲೆ ಹೋದರೆ ಮೇಷ್ಟ್ರಿಗೆ ಮುಖ ಪರಿಚಯವಾಗುವ ಹೊತ್ತಿಗೆ ಓದು ಮುಗಿದಿರುತ್ತದೆ. ಮುಂದೆ ವಿದೇಶಕ್ಕೆ ಹೋಗಬೇಕೆಂದಿರುವವರಿಗೆ ಶಿಫಾರಸು ಪತ್ರ ಬರೆದುಕೊಡಬೇಕಾದವರು ಅದೇ ಮೇಷ್ಟ್ರು.

ಮೂರನೇ ಸೆಮಿಸ್ಟರು ತಪ್ಪಿದರೆ ಬದುಕು ತಪ್ಪಿತೇ? ಇಲ್ಲ, ಅದಕ್ಕಿಂತ ದೊಡ್ಡ ಬಾಗಿಲು ಡಿಗ್ರಿ ಮುಗಿದಲ್ಲಿದೆ. ಈ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ವಿಶ್ವೇಶ್ವರಯ್ಯನವರೇ 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಎಂಜಿನಿಯರಿಂಗಿಗೆ ಪುಣೆಗೆ ಹೋದವರು. ಸಿ.ಎನ್.ಆರ್. ರಾವ್ 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ ಪಡೆದು ಬನಾರಸಿಗೆ, ಅಲ್ಲಿಂದ ಅಮೆರಿಕದ ಪರ್ಡ್ಯೂಗೆ ನಡೆದರು. ನಾರಾಯಣ ಮೂರ್ತಿ ಮೈಸೂರಿನ ಎನ್‌ಐಇಯಲ್ಲಿ 1967ರಲ್ಲಿ ಬಿ.ಇ. ಮುಗಿಸಿ, 1969ರಲ್ಲಿ ಕಾನ್ಪುರ ಐಐಟಿಯಿಂದ ಎಂ.ಟೆಕ್ ಪಡೆದರು. ಮೂವರೂ ಜಾಗ ಬದಲಿಸಿದ್ದು ಒಂದು ಓದು ಮುಗಿದು ಇನ್ನೊಂದು ಶುರುವಾಗುವ ಹೊಸ್ತಿಲಲ್ಲಿ. ಇವತ್ತು ಆ ಹೊಸ್ತಿಲಲ್ಲಿ ಐಐಎಸ್‌ಸಿ ಮತ್ತು ಏಳು ಐಐಟಿಗಳು ಸೇರಿ ನಡೆಸುವ ಗೇಟ್ ಪರೀಕ್ಷೆ ಇದೆ. ಅದರ ಅಂಕ ಮೂರು ವರ್ಷ ಚಾಲ್ತಿ. ಗೇಟ್ ಪ್ರಶ್ನೆಪತ್ರಿಕೆಗೆ ನಿಮ್ಮ ಯುಎಸ್‌ಎನ್ನಿನ ಎರಡು ಅಕ್ಷರದ ಪರಿಚಯವಿಲ್ಲ.

ಕೊನೆಗೆ ಹುಡುಗನಿಗೆ ಒಂದು ಕೆಲಸ ಕೊಟ್ಟೆ. ಹಾಳೆಯ ಹಿಂಬದಿಯಲ್ಲಿ ಒಂದೇ ವಾಕ್ಯ ಬರೆ: ‘ಈಗಿನ ಕಾಲೇಜಿನಲ್ಲಿ ಮಾಡಲಾಗದ ಈ ಕೆಲಸವನ್ನು ನಾನು ಅಲ್ಲಿ ಮಾಡುತ್ತೇನೆ.’ ‘ಈ ಕೆಲಸ’ ಯಾವುದೆಂದು ತುಂಬು. ಪೆನ್ನು ಕಚ್ಚಿಕೊಂಡು ಕೂತ. ಆಮೇಲೆ ‘ವಿಎಲ್‌ಎಸ್‌ಐ ಲ್ಯಾಬ್’ ಎಂದು ಬರೆದ. ಅಲ್ಲೇ ಓದುತ್ತಿರುವ ಸೀನಿಯರಿಗೆ ಫೋನ್ ಮಾಡಿಸಿದೆ. ಲ್ಯಾಬ್ ಇದೆ, ಚೆನ್ನಾಗೂ ಇದೆ, ಆದರೆ ಮೂರನೇ ಸೆಮಿಸ್ಟರಿನವರನ್ನು ಒಳಗೆ ಬಿಡುವುದಿಲ್ಲ ಎಂದು ಆ ಕಡೆಯಿಂದ ಉತ್ತರ ಬಂತು. ಇಲ್ಲಿ ಎಚ್‌ಒಡಿ ತಾವಾಗಿ ಕರೆದು ಪ್ರಾಜೆಕ್ಟಿಗೆ ಸೇರಿಸಿಕೊಂಡಿದ್ದಾರೆ. ಅವನ ಕೈಯಲ್ಲಿ ಬೀಗದ ಕೈ ಆಗಲೇ ಇದೆ.

ತೀರ್ಮಾನ ಅವನೇ ಮಾಡಿದ. ಉಳಿಯುತ್ತಾನೆ, ಗೇಟಿಗೆ ಓದುತ್ತಾನೆ. ಬೇರೆ ಹುಡುಗನಾಗಿದ್ದರೆ, ಎರಡು ವರ್ಷದಿಂದ ಪಾಠ ಮಾಡುವವರೇ ಇಲ್ಲದ, ಒಂದು ಕಂಪನಿಯೂ ಕಾಲಿಡದ ಕಾಲೇಜಿನಲ್ಲಿದ್ದಿದ್ದರೆ, ನಾನೇ ಹೋಗು ಎನ್ನುತ್ತಿದ್ದೆ.

ಆ ಹುಡುಗಿಯ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಬಸ್ ನಿಲ್ದಾಣದಲ್ಲಿ ಅವನಿಗೆ ಹೇಳಿ ಕಳಿಸಿದೆ: ಅಧಿಸೂಚನೆ ಬಂದ ದಿನವೇ ಅವಳಿಗೆ ತೋರಿಸು, ಎನ್‌ಒಸಿಗೆ ಅರ್ಜಿ ಹಾಕಲು ಜೊತೆಗೆ ನಿಂತುಕೋ, ಬೆಂಗಳೂರಿನಲ್ಲಿ ಸರ್ಕಾರಿ ಹಾಸ್ಟೆಲ್ ಉಂಟೆಂದು ಅವಳಪ್ಪನಿಗೆ ತಿಳಿಸು. ಹೋಗುವುದು ಬಿಡುವುದು ಅವಳಿಗೆ ಸೇರಿದ್ದು. ಬಾಗಿಲೊಂದಿದೆ ಎಂದು ಅವಳಿಗೆ ಗೊತ್ತಾಗಬೇಕು.

ಇದನ್ನು ಓದುತ್ತಿರುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ನಿಮ್ಮ ಕ್ಲಾಸಿನಲ್ಲೂ ಏನನ್ನೂ ಕೇಳದೆ ಮುಂದಿನ ಬೆಂಚಿನಲ್ಲಿ ಕೂತವಳೊಬ್ಬಳು ಇರುತ್ತಾಳೆ. ಒಳ್ಳೆಯ ವಿದ್ಯಾರ್ಥಿ ಕೈಬಿಟ್ಟುಹೋದರೆ ವಿಭಾಗದ ಫಲಿತಾಂಶ ಇಳಿದೀತೆಂಬ ಅಳುಕನ್ನು ಪಕ್ಕಕ್ಕಿಟ್ಟು, ಈ ಸಲ ಅರ್ಜಿಯ ನಮೂನೆಯನ್ನು ನೀವೇ ಅವಳ ಕೈಗೆ ಕೊಡಿ.